ಗಣಿ ಮುಚ್ಚಿದ ಬೆಟ್ಟದೂರಲ್ಲಿ ಪೊಲೀಸ್ ಯಾರ ಕಡೆಯವನು?

ಅಮೆರಿಕದ ಕೊಲರಾಡೊ ರಾಜ್ಯದ ಆಸ್ಪೆನ್ ಪಟ್ಟಣದಲ್ಲಿ ಬೆಳ್ಳಿ ಗಣಿಗಳ ಕಾಲದ ಒಂದು ಕೋರ್ಟ್ ಕಟ್ಟಡವಿದೆ. ಅದರ ಮುಂಭಾಗದಲ್ಲಿ ನಿಂತ ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿಲ್ಲ. ಅದರ ಹಿಂದೆ ದೊಡ್ಡ ಉದ್ದೇಶವೇನೂ ಇದ್ದಿರಲಿಕ್ಕಿಲ್ಲ. ಆದರೂ ಎದುರಿಗಿರುವವನು ಯಾರೆಂದು ನೋಡಿಕೊಂಡೇ ಕಾನೂನು ನಡೆದ ಈ ಬೆಟ್ಟದೂರುಗಳ ಚರಿತ್ರೆ ಓದುವಾಗ ಆ ತೆರೆದ ಕಣ್ಣು ನೆನಪಿಗೆ ಬರುತ್ತದೆ.

ಕತೆ ಶುರುವಾಗುವುದು ಅದೇ ರಾಜ್ಯದ ನೈಋತ್ಯ ಮೂಲೆಯ ಟೆಲ್ಯುರೈಡ್‌ನಲ್ಲಿ. 1903ರಲ್ಲಿ ಅಲ್ಲಿನ ಕಾರ್ಮಿಕರು ಎಂಟು ಗಂಟೆಯ ಕೆಲಸ ಕೇಳಿ ಮುಷ್ಕರ ಹೂಡಿದರು. ಗವರ್ನರ್ ಜೇಮ್ಸ್ ಪೀಬಾಡಿ ಸೇನೆ ಕಳಿಸಿದರು. ಕೆಲಸಕ್ಕೆ ಹೋಗದೆ ಕುಳಿತವರನ್ನು 'ಅಲೆಮಾರಿಗಳು' ಎಂಬ ಆರೋಪದ ಮೇಲೆ ಹಿಡಿಯಲಾಯಿತು. ಮುಂದಿನ ವರ್ಷ ಊರಿನ ಸೇನಾ ತುಕಡಿಯ ನಾಯಕತ್ವ ಸಿಕ್ಕಿದ್ದು ಬಲ್ಕ್ಲಿ ವೆಲ್ಸ್ ಎಂಬುವವರಿಗೆ. ಅವರು ಸ್ಮಗ್ಲರ್-ಯೂನಿಯನ್ ಗಣಿಯ ವ್ಯವಸ್ಥಾಪಕರೂ ಹೌದು! ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಇಲ್ಲಿ ಹೊಲದ ಒಡೆಯನೇ ಬೇಲಿಯಾಗಿ ನಿಂತಿದ್ದ. 1904ರ ಮಾರ್ಚ್‌ನಲ್ಲಿ ಒಂದು ರಾತ್ರಿ ಸುಮಾರು 60 ಮಂದಿ ಕಾರ್ಮಿಕರನ್ನೂ ಅವರ ಬೆಂಬಲಿಗರನ್ನೂ ಮನೆಗಳಿಂದ ಎಳೆದು ತಂದು ರೈಲಿಗೆ ಹತ್ತಿಸಿ ಊರಾಚೆ ಬಿಟ್ಟುಬಂದರು. ಗಣಿ ಕಾರ್ಮಿಕರ ಒಕ್ಕೂಟದ ಅಧ್ಯಕ್ಷ ಚಾರ್ಲ್ಸ್ ಮೋಯರ್ ಎರಡೂವರೆ ತಿಂಗಳು ಬಂಧನದಲ್ಲಿದ್ದರು. ಅದನ್ನು ಪ್ರಶ್ನಿಸಿದ ಅವರ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಒಳ್ಳೆಯ ನಂಬಿಕೆಯಿಂದ ಮಾಡಿದ ಕ್ರಮಕ್ಕೆ ಗವರ್ನರ್ ಪರಿಹಾರ ಕೊಡಬೇಕಿಲ್ಲ ಎಂದು 1909ರಲ್ಲಿ ತೀರ್ಪಾಯಿತು.

ಆಸ್ಪೆನ್‌ನ ವೈಭವ ಇದಕ್ಕೂ ಮೊದಲೇ ಮುಗಿದಿತ್ತು. 1893ರಲ್ಲಿ ಸರ್ಕಾರ ಬೆಳ್ಳಿ ಕೊಳ್ಳುವ ಕಾಯ್ದೆಯನ್ನು ರದ್ದು ಮಾಡಿದ್ದೇ ತಡ, ಬೆಲೆ ನೆಲ ಕಚ್ಚಿತು. ಹನ್ನೆರಡು ಸಾವಿರದಷ್ಟಿದ್ದ ಜನಸಂಖ್ಯೆ 1930ರ ಹೊತ್ತಿಗೆ ಏಳುನೂರರ ಆಸುಪಾಸಿಗೆ ಇಳಿಯಿತು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಲ್ಲಿ ಪೊಲೀಸರಿಗೇನು ಕೆಲಸ? ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ಕೀಯಿಂಗ್, ಅಂದರೆ ಹಿಮದ ಮೇಲೆ ಜಾರುವ ಆಟ, ಬಂತು. ಕಲ್ಲಿದ್ದಲು ಗಣಿ 1952ರಲ್ಲಿ ಮುಚ್ಚಿದ, ಅದೇ ರಾಜ್ಯದ ಕ್ರೆಸ್ಟೆಡ್ ಬ್ಯೂಟ್‌ಗೂ, 1972ರಲ್ಲಿ ಟೆಲ್ಯುರೈಡ್‌ಗೂ ಅದೇ ಹಿಮದ ವ್ಯಾಪಾರ ಬಂದು ತಲುಪಿತು. ಈ ಎರಡೂ ಊರುಗಳಲ್ಲಿ ಇಂದಿಗೂ ಪೊಲೀಸ್ ಮುಖ್ಯಸ್ಥರನ್ನು ಕೌಬಾಯ್ ಕಾಲದ ಹೆಸರಿನಿಂದಲೇ, 'ಮಾರ್ಷಲ್' ಎಂದೇ ಕರೆಯುತ್ತಾರೆ.

ಸ್ಕೀ ಜೊತೆಗೆ ಬಂದವರು ಹಿಪ್ಪಿಗಳು. ಖಾಲಿ ಗಣಿ ಮನೆಗಳು ಅಗ್ಗಕ್ಕೆ ಸಿಗುತ್ತಿದ್ದವು. 1960ರ ದಶಕದ ಕೊನೆಯಲ್ಲಿ ಆಸ್ಪೆನ್ ಪೊಲೀಸರು ಈ ಉದ್ದಕೂದಲಿನವರನ್ನು ಹಿಡಿದು ಕೋರ್ಟಿಗೆ ತಂದರು. ಆರೋಪ ಏನು ಗೊತ್ತೆ? ಅಲೆಮಾರಿತನ. ಟೆಲ್ಯುರೈಡ್ ಕಾರ್ಮಿಕರ ಮೇಲೆ ಹೊರಿಸಿದ ಅದೇ ಹಳೆಯ ಆರೋಪ.

ಆದರೆ ಈ ಬಾರಿ ಹಿಡಿಸಿಕೊಂಡವರ ಕೈಯಲ್ಲಿ ವೋಟಿತ್ತು. ಪಟ್ಟಣದ ಪೊಲೀಸ್ ಮುಖ್ಯಸ್ಥರನ್ನು ನಗರಾಡಳಿತ ನೇಮಿಸುತ್ತದೆ. ನಮ್ಮ ಜಿಲ್ಲೆಯಂಥ ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್, ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಜನರಿಂದ ಆರಿಸಿ ಬರಬೇಕು. 1970ರಲ್ಲಿ ಪತ್ರಕರ್ತ ಹಂಟರ್ ಥಾಂಪ್ಸನ್ ಶೆರಿಫ್ ಸ್ಥಾನಕ್ಕೆ ನಿಂತರು. ಡಾಂಬರು ಕಿತ್ತು ಬೀದಿಯಲ್ಲಿ ಹುಲ್ಲು ಬೆಳೆಸುತ್ತೇನೆ, ಶೆರಿಫ್ ಜನರ ನಡುವೆ ಬಂದೂಕು ಹಿಡಿದು ಓಡಾಡಕೂಡದು ಎಂಬಂಥ ಭರವಸೆ ಕೊಟ್ಟರು. ತಲೆ ಬೋಳಿಸಿಕೊಂಡು, ಎದುರಾಳಿಯನ್ನು 'ಉದ್ದಕೂದಲಿನವ' ಎಂದು ಹಂಗಿಸಿದರು. ಸೋತರು. ತಮಾಷೆಯಂತೆ ಕಂಡ ಆ ಚುನಾವಣೆಯನ್ನು ನಾನು ತಮಾಷೆ ಎನ್ನಲಾರೆ. ಪೊಲೀಸ್ ಹೇಗಿರಬೇಕು ಎಂಬುದನ್ನು ಊರೇ ಕುಳಿತು ಚರ್ಚಿಸುವಂತೆ ಮಾಡಿದ್ದು ಅದೇ.

ಫಲ ಸಿಕ್ಕಿದ್ದು 1976ರಲ್ಲಿ. ಆ ವರ್ಷ ಶೆರಿಫ್ ಆಗಿ ಗೆದ್ದ ಡಿಕ್ ಕೀನಾಸ್ಟ್, ಮಾದಕ ವಸ್ತು ಹಿಡಿಯಲು ಪೊಲೀಸರು ವೇಷ ಮರೆಸಿಕೊಂಡು ಜನರೊಳಗೆ ಸೇರುವುದನ್ನು ಒಪ್ಪಲಿಲ್ಲ. ನೆರೆಯವನಿಗೆ ಸುಳ್ಳು ಹೇಳಿ ನೆರೆಯವನನ್ನು ಕಾಯಲಾಗದು ಎಂಬುದು ಆ ನಿಲುವಿನ ತಿರುಳು. ಕೇಂದ್ರದ ಮಾದಕ ವಸ್ತು ನಿಗ್ರಹ ಅಧಿಕಾರಿಗಳಿಗೆ ಇದು ಸರಿಬರಲಿಲ್ಲ. 1986ರಿಂದ 24 ವರ್ಷ ಶೆರಿಫ್ ಆಗಿದ್ದ ಬಾಬ್ ಬ್ರಾಡಿಸ್ ಕೂಡ ಅದೇ ಹಾದಿ ಹಿಡಿದರು.

ಸಡಿಲತನದ ಬೆಲೆಯೂ ಇತ್ತು ಎನ್ನಿ. 1976ರಲ್ಲಿ ಸ್ಕೀ ತಾರೆ ಸ್ಪೈಡರ್ ಸ್ಯಾಬಿಚ್ ಗುಂಡಿಗೆ ಬಲಿಯಾದಾಗ, ಆರೋಪಿ ಕ್ಲೋಡಿನ್ ಲಾಂಜೆಯ ರಕ್ತದ ಮಾದರಿಯನ್ನೂ ಡೈರಿಯನ್ನೂ ಪೊಲೀಸರು ವಾರಂಟ್ ಇಲ್ಲದೆ ವಶಕ್ಕೆ ಪಡೆದಿದ್ದರಿಂದ ಕೋರ್ಟ್ ಅವನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಶಿಕ್ಷೆ 30 ದಿನ. ಮರುವರ್ಷ ಜೂನ್‌ನಲ್ಲಿ ಸರಣಿ ಹಂತಕ ಟೆಡ್ ಬಂಡಿ ಇದೇ ಕೋರ್ಟ್ ಕಟ್ಟಡದ ಮಹಡಿ ಕಿಟಕಿಯಿಂದ ಹಾರಿ ಓಡಿಹೋದ. ಮತ್ತೆ ಸಿಕ್ಕಿದ್ದು ಆರು ದಿನದ ಮೇಲೆ.

ಈಗ ಊರು ಮತ್ತೆ ಕೈ ಬದಲಿಸಿದೆ. ಹಿಪ್ಪಿಗಳು ಅಗ್ಗಕ್ಕೆ ಹಿಡಿದ ಗಣಿ ಮನೆಗಳು ಇಂದು ಲಕ್ಷಾಂತರ ಡಾಲರ್ ಬಾಳುತ್ತವೆ. ಎಷ್ಟೋ ಮನೆಗಳಿಗೆ ಯಜಮಾನರು ಬರುವುದು ವರ್ಷದಲ್ಲಿ ಕೆಲವೇ ವಾರ. ಬೇಸಿಗೆ ಕಳೆಯುತ್ತಲೇ ಕಸದ ಡಬ್ಬಿಗೆ ಕೈಹಾಕುವ ಕರಡಿಗಳ ದೂರು. ಡಬ್ಬಿ ಭದ್ರ ಮಾಡದ ಮನೆಯವರಿಗೆ ದಂಡ. ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವ ಹೊಣೆ ರಾಜ್ಯದ ಕಾನೂನಿನಂತೆ ಶೆರಿಫ್‌ನದು, ಹುಡುಕುವವರು ಬಹುಪಾಲು ಸ್ವಯಂಸೇವಕರು.

ಕಷ್ಟ ಇರುವುದು ಬೇರೆ ಕಡೆ. ಪೊಲೀಸ್ ಸಂಬಳದಲ್ಲಿ ಆಸ್ಪೆನ್‌ನಲ್ಲಿ ಮನೆ ಕೊಳ್ಳುವುದು ಕನಸು. ಊರಲ್ಲಿ ದುಡಿಯುವವರಿಗೆಂದೇ ಬೆಲೆ ಕಟ್ಟಿಹಾಕಿದ ಮನೆಗಳನ್ನು ಕೌಂಟಿಯೂ ನಗರವೂ ಸೇರಿ ನಡೆಸುತ್ತವೆ, ಆದರೆ ಕೇಳುವವರು ಹೆಚ್ಚು. ಮನೆ ಸಿಗದವರು ಸುಮಾರು 65 ಕಿಲೋಮೀಟರ್ ಕೆಳಗಿನ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಿಂದಲೋ ಅದಕ್ಕೂ ಆಚೆಯಿಂದಲೋ ದಿನಾ ಓಡಾಡುತ್ತಾರೆ. ನೆರೆಯವನಾಗಿ ಕಾಯುವ ಕೀನಾಸ್ಟ್‌ನ ಮಾತು ನಡೆಯಬೇಕಾದರೆ ಮೊದಲು ನೆರೆಯಲ್ಲಿ ಇರಬೇಕಲ್ಲ. ಚಳಿಗಾಲದಲ್ಲಿ ಬೆಟ್ಟ ದಾಟುವ ಇಂಡಿಪೆಂಡೆನ್ಸ್ ಪಾಸ್ ದಾರಿ ಮುಚ್ಚಿದ ಮೇಲೆ ಆಸ್ಪೆನ್‌ಗೆ ಉಳಿಯುವುದು ಕಣಿವೆಯಿಂದ ಹತ್ತಿಬರುವ 82ನೇ ಹೆದ್ದಾರಿಯೊಂದೇ. ಹಿಮ ಬಿದ್ದು ಅದೂ ಕಟ್ಟಿಕೊಂಡ ರಾತ್ರಿ ಊರಲ್ಲಿ ಎಷ್ಟು ಪೊಲೀಸರಿರುತ್ತಾರೆ ಎಂಬುದು, ಎಷ್ಟು ಮಂದಿಗೆ ಊರಲ್ಲಿ ಮನೆ ಸಿಕ್ಕಿದೆ ಎಂಬುದರ ಮೇಲಿದೆ.