ಸರಾಸರಿ ಸಂಬಳ ಜಿಗಿಯಿತು, ಇಸಿಐ ಅಷ್ಟಾಗಿ ಏರಲಿಲ್ಲ: ಯಾವುದನ್ನು ನಂಬಬೇಕು?

ಪ್ರಶ್ನೆ: 2020ರ ಏಪ್ರಿಲ್‌ನಲ್ಲಿ ಅಮೆರಿಕದ ಸರಾಸರಿ ಗಂಟೆ ಸಂಬಳ ಒಂದೇ ತಿಂಗಳಲ್ಲಿ ಶೇ 4.7ರಷ್ಟು ಏರಿತು ಎಂದು ಓದಿದೆ. ಆದರೆ ಮಾಲೀಕರ ಕೂಲಿ ಖರ್ಚಿನ ಬದಲಾವಣೆ ಅಳೆಯುವ ಸೂಚ್ಯಂಕವಾದ ಎಂಪ್ಲಾಯ್‌ಮೆಂಟ್ ಕಾಸ್ಟ್ ಇಂಡೆಕ್ಸ್ (ಇಸಿಐ) ನೋಡಿದರೆ, ಜೂನ್‌ಗೆ ಮುಗಿದ ಮೂರು ತಿಂಗಳಲ್ಲಿ ಏರಿಕೆ ಶೇ 0.5 ಮಾತ್ರ. ಎರಡನ್ನೂ ಪ್ರಕಟಿಸುವುದು ಅಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ಬ್ಯೂರೋ ಆಫ್ ಲೇಬರ್ ಸ್ಟಾಟಿಸ್ಟಿಕ್ಸ್. ಯಾವುದು ಸರಿ?

ಉತ್ತರ: ಲೆಕ್ಕ ಎರಡೂ ಸರಿ. ಆದರೆ ಕೆಲಸ ಮಾಡಿಸಿಕೊಳ್ಳುವ ಖರ್ಚು ಎಷ್ಟು ಹೆಚ್ಚಾಯಿತು ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ನೋಡಬೇಕಾದದ್ದು ಇಸಿಐ.

ಒಂದು ಕಂಪನಿಯಲ್ಲಿ ಗಂಟೆಗೆ 15 ಡಾಲರ್ ಪಡೆಯುವ 50 ಕ್ಯಾಷಿಯರ್‌ಗಳು, 45 ಡಾಲರ್ ಪಡೆಯುವ 50 ಇಂಜಿನಿಯರ್‌ಗಳು ಇದ್ದಾರೆ ಎಂದುಕೊಳ್ಳಿ. ಸರಾಸರಿ 30 ಡಾಲರ್. ನಲವತ್ತು ಕ್ಯಾಷಿಯರ್‌ಗಳನ್ನು ಕೆಲಸದಿಂದ ತೆಗೆದರೆ ಉಳಿದ 60 ಜನರ ಸರಾಸರಿ 40 ಡಾಲರ್ ಆಗಿಬಿಡುತ್ತದೆ. ಯಾರ ಸಂಬಳವೂ ಒಂದು ಸೆಂಟ್ ಏರಿಲ್ಲ, ಸರಾಸರಿ ಮಾತ್ರ ಮೂರನೇ ಒಂದು ಪಾಲು ಹೆಚ್ಚಾಗಿದೆ. 2020ರ ಏಪ್ರಿಲ್‌ನಲ್ಲಿ ಆದದ್ದೂ ಇದೇ: ಕೋವಿಡ್ ಏಟಿಗೆ ಕೆಲಸ ಕಳೆದುಕೊಂಡವರಲ್ಲಿ ಕಡಿಮೆ ಸಂಬಳದವರೇ ಹೆಚ್ಚು.

ಇಸಿಐ ಈ ಬಲೆಗೆ ಬೀಳುವುದಿಲ್ಲ. ಅದು ವ್ಯಕ್ತಿಯನ್ನಲ್ಲ, ಹುದ್ದೆಯನ್ನು ಹಿಂಬಾಲಿಸುತ್ತದೆ. ಆಯ್ದ ಸಂಸ್ಥೆಗಳಲ್ಲಿ ಆಯ್ದ ಹುದ್ದೆಗಳಿಗೆ ಎಷ್ಟು ಕೊಡುತ್ತಿದ್ದಾರೆ ಎಂದು ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗಳಲ್ಲಿ, 12ನೇ ತಾರೀಕು ಒಳಗೊಂಡ ಸಂಬಳದ ಅವಧಿಗೆ ಕೇಳಲಾಗುತ್ತದೆ. ಉದ್ಯಮ ಮತ್ತು ಕಸುಬುಗಳ ತೂಕವನ್ನು, ಅಂದರೆ ಒಟ್ಟು ಲೆಕ್ಕದಲ್ಲಿ ಒಂದೊಂದರ ಪಾಲನ್ನು, ಸ್ಥಿರವಾಗಿಟ್ಟು, ಆ ಹುದ್ದೆಗಳ ಖರ್ಚಷ್ಟೇ ಬದಲಾಗಲು ಬಿಡುತ್ತಾರೆ. ಮೇಲಿನ ಕಂಪನಿಯಲ್ಲಿ ಕ್ಯಾಷಿಯರ್ ದರ ಶೇ 4, ಇಂಜಿನಿಯರ್ ದರ ಶೇ 2 ಏರಿದರೆ, ಎಷ್ಟು ಜನ ಕೆಲಸ ಬಿಟ್ಟಿದ್ದರೂ ಈ ರೀತಿಯ ಲೆಕ್ಕದಲ್ಲಿ ಏರಿಕೆ ಶೇ 2.5. ಶೇ 3 ಏಕಲ್ಲ? ತೂಕ ತಲೆಯೆಣಿಕೆಯದಲ್ಲ, ಸಂಬಳದ ಮೊತ್ತದ್ದು. ಮೊದಲಿದ್ದ ನೂರು ಜನರ ಒಂದು ಗಂಟೆಯ 3,000 ಡಾಲರ್ ಮೊತ್ತದಲ್ಲಿ ಇಂಜಿನಿಯರ್‌ಗಳ ಪಾಲೇ 2,250. ಕಡಿಮೆ ಸಂಬಳದವರಿಗೆ ಸಿಕ್ಕ ದೊಡ್ಡ ಏರಿಕೆ ಒಟ್ಟು ಸೂಚ್ಯಂಕದಲ್ಲಿ ಮಂಕಾಗಿ ಕಾಣುವುದು ಇದರಿಂದಲೇ. ಅದು ಬೇಕಿದ್ದರೆ ಕಸುಬುವಾರು ಪಟ್ಟಿಯನ್ನೇ ತೆರೆಯಬೇಕು.

ಇಸಿಐನ ಇನ್ನೊಂದು ಬಲ, ಸಂಬಳದಾಚೆಯ ಸೌಲಭ್ಯಗಳೂ ಅದರಲ್ಲಿ ಸೇರಿರುವುದು. ಅಮೆರಿಕದಲ್ಲಿ ಮಾಲೀಕರ ಒಟ್ಟು ಖರ್ಚಿನಲ್ಲಿ ಸುಮಾರು ಶೇ 30 ಇವುಗಳದ್ದೇ: ಸಂಬಳ ಸಹಿತ ರಜೆ, ಆರೋಗ್ಯ ವಿಮೆ, ನಿವೃತ್ತಿ ನಿಧಿ, ಸೋಷಿಯಲ್ ಸೆಕ್ಯುರಿಟಿಯಂಥ ಕಡ್ಡಾಯ ಪಾವತಿಗಳು. ಓವರ್‌ಟೈಮ್‌ನ ಹೆಚ್ಚುವರಿ ದರ, ಪಾಳಿ ಭತ್ಯೆ, ವರ್ಷಾಂತ್ಯದ ಬೋನಸ್‌ನಂಥವು ಸಹ ಇಲ್ಲಿ ಸಂಬಳದ ಕೆಳಗಲ್ಲ, ಸೌಲಭ್ಯಗಳ ಕೆಳಗೆ ಬರುತ್ತವೆ. ಇದನ್ನು ಗಮನಿಸದೆ ಸಂಬಳದ ಸಾಲನ್ನಷ್ಟೇ ಓದುವವರು ಬೋನಸ್ ಎಲ್ಲಿ ಹೋಯಿತೆಂದು ತಡಕಾಡುತ್ತಾರೆ. ಮಾರಾಟದ ಕಮಿಷನ್ ಮಾತ್ರ ಸಂಬಳದಲ್ಲೇ ಇದೆ. ಗ್ರಾಹಕರು ಕೊಡುವ ಟಿಪ್ಸ್ ಮಾಲೀಕರ ಖರ್ಚಲ್ಲ, ಹಾಗಾಗಿ ಎಲ್ಲಿಯೂ ಸೇರುವುದಿಲ್ಲ.

ಸೌಲಭ್ಯಗಳ ಖರ್ಚನ್ನು ನಿಜವಾಗಿ ದುಡಿದ ಗಂಟೆಗೆ ಇಳಿಸಲಾಗುತ್ತದೆ. ಗಂಟೆಗೆ 30 ಡಾಲರ್, ವರ್ಷಕ್ಕೆ ಸಂಬಳ ಸಿಗುವ 2,080 ಗಂಟೆ, ಅದರಲ್ಲಿ 120 ಗಂಟೆ ರಜೆ ಎಂದಾದರೆ ದುಡಿದದ್ದು 1,960 ಗಂಟೆ. ರಜೆಯ ಖರ್ಚು 3,600 ಡಾಲರ್, ಅಂದರೆ ದುಡಿದ ಗಂಟೆಗೆ ಸುಮಾರು 1.84. ಮಾಲೀಕರು ಕಟ್ಟುವ ವಿಮಾ ಕಂತು 7,840 ಡಾಲರ್ ಇದ್ದರೆ ಗಂಟೆಗೆ 4 ಡಾಲರ್, 8,330ಕ್ಕೆ ಏರಿದರೆ 4.25. ಸಂಬಳ ಏರಿದಾಗ ರಜೆಯ ಖರ್ಚು ತಾನಾಗಿ ಏರುತ್ತದೆ, ವಿಮೆಯದ್ದು ಹಾಗಲ್ಲ. ಹಾಗಾಗಿ ಸಂಬಳದ ಸಾಲು ಮತ್ತು ಸೌಲಭ್ಯಗಳ ಸಾಲು ಒಂದೇ ವೇಗದಲ್ಲಿ ಓಡಬೇಕೆಂದೇನಿಲ್ಲ.

ಓದುವಾಗ ಎಡವುವ ಜಾಗಗಳೂ ಇವೆ. ಸೂಚ್ಯಂಕ 150.0ರಿಂದ 151.5ಕ್ಕೆ ಹೋದರೆ ಅದು 1.5 ಅಂಶ, ಆದರೆ ಶೇ 1 ಮಾತ್ರ. ಮೂರು ತಿಂಗಳ ಬದಲಾವಣೆಯನ್ನು ಹನ್ನೆರಡು ತಿಂಗಳದ್ದರ ಪಕ್ಕ ಇಟ್ಟು ಕುಸಿತವೆಂದು ಬರೆಯುವುದು ಇನ್ನೂ ದೊಡ್ಡ ತಪ್ಪು. ಬೆಲೆ ಏರಿಕೆಯನ್ನು ಕಳೆಯದ ಅಂಕಿ ಇದು ಎಂಬುದನ್ನೂ ಮರೆಯಬಾರದು: 2022ರ ಜೂನ್‌ಗೆ ಮುಗಿದ ವರ್ಷದಲ್ಲಿ ಖಾಸಗಿ ವಲಯದ ಸಂಬಳ ಶೇ 5.7 ಏರಿತ್ತು, ಗ್ರಾಹಕ ಬೆಲೆ ಶೇ 9.1. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಅದು ಶೇ 3ಕ್ಕೂ ಮೀರಿದ ಇಳಿಕೆ.

ಇಸಿಐ ಹೇಳದ ಸಂಗತಿಗಳೂ ಇವೆ. ಕೆಲಸ ಬದಲಿಸಿಯೋ ಬಡ್ತಿ ಪಡೆದೋ ಒಬ್ಬರು ಹೆಚ್ಚು ಗಳಿಸಿದರೆ ಅದು ಇಲ್ಲಿ ಏರಿಕೆಯಲ್ಲ, ಏಕೆಂದರೆ ಹುದ್ದೆಯ ದರ ಬದಲಾಗಿಲ್ಲ. ಫೆಡರಲ್ ಸರ್ಕಾರದ ನೌಕರರು, ಕೃಷಿ ಕಾರ್ಮಿಕರು, ಮನೆಗೆಲಸದವರು, ಸ್ವಂತ ಉದ್ಯೋಗದವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಅಂಕಿಗಳು ಬರುವುದೂ ಮೂರು ತಿಂಗಳಿಗೊಮ್ಮೆ. ತಿಂಗಳ ಸುಳಿವು ಬೇಕೆಂದರೆ ಸರಾಸರಿ ಗಂಟೆ ಸಂಬಳವನ್ನೇ ನೋಡಬೇಕು, ಅದರ ದೋಷ ತಿಳಿದುಕೊಂಡು.

ದೀರ್ಘಾವಧಿ ಕರಾರಿನಲ್ಲಿ ಕೂಲಿ ಖರ್ಚಿನ ಏರಿಕೆಯನ್ನು ಇಸಿಐಗೆ ಕಟ್ಟುವವರು ‘ಇಸಿಐ ಪ್ರಕಾರ’ ಎಂದಷ್ಟೇ ಬರೆದರೆ ಮುಂದೆ ಜಗಳ ಖಚಿತ. ಸಂಬಳವೋ ಒಟ್ಟು ಖರ್ಚೋ, ಖಾಸಗಿ ವಲಯವೋ ಎಲ್ಲರೂ ಸೇರಿಯೋ, ಯಾವ ಕಸುಬು, ಯಾವ ತ್ರೈಮಾಸಿಕದಿಂದ ಲೆಕ್ಕ ಎಂಬುದೆಲ್ಲ ಬರಹದಲ್ಲಿರಲಿ. ಋತುಮಾನದ ಹೊಂದಾಣಿಕೆ (ಪ್ರತಿ ವರ್ಷ ಅದೇ ಕಾಲಕ್ಕೆ ಆಗುವ ಏರಿಳಿತ ತೆಗೆಯುವುದು) ಮಾಡದ ಸರಣಿಯನ್ನೇ ಆರಿಸಿಕೊಳ್ಳಿ, ಹೊಂದಾಣಿಕೆ ಮಾಡಿದ ಅಂಕಿಗಳನ್ನು ನಂತರ ಪರಿಷ್ಕರಿಸುತ್ತಾರೆ. ಲೆಕ್ಕ ಸರಳ: ಹೊಸ ಸೂಚ್ಯಂಕವನ್ನು ಹಳೆಯದರಿಂದ ಭಾಗಿಸಿ, ಕರಾರಿನ ಮೊತ್ತದಿಂದ ಗುಣಿಸಿ. 150.0 ಇದ್ದದ್ದು 156.0 ಆದರೆ 2,00,000 ಡಾಲರ್ 2,08,000 ಆಗುತ್ತದೆ.