ಟ್ವಿಸ್ಟ್ ಪಕ್ಕಕ್ಕಿಟ್ಟು ಕಥೆ ಹೇಳಿ ನೋಡೋಣ

ಸ್ಕ್ರಿಪ್ಟ್ ಓದಿ, ತಿದ್ದಿ, ಕೆಲವೊಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಕೊಡೋದು ನನ್ನ ಕೆಲಸ. ಕ್ರೈಮ್ ಥ್ರಿಲ್ಲರ್ ಐಡಿಯಾ ಹಿಡಿದುಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ಜನ ಒಂದೇ ಥರ ಶುರು ಮಾಡುತ್ತಾರೆ. "ಸಾರ್, ಕೊನೆಯಲ್ಲಿ ಗೊತ್ತಾಗುತ್ತೆ, ಕೊಲೆ ಮಾಡಿದ್ದು ತನಿಖೆ ಮಾಡ್ತಿದ್ದ ಇನ್‌ಸ್ಪೆಕ್ಟರೇ!" ಅಷ್ಟು ಹೇಳಿ ನನ್ನ ಮುಖ ನೋಡುತ್ತಾರೆ. ನಾನು ಕೇಳೋದು ಇಷ್ಟೇ: ಆ ಕೊನೆಯ ಹತ್ತು ನಿಮಿಷ ಇಲ್ಲವೇ ಇಲ್ಲ ಅಂದುಕೊಳ್ಳಿ, ಈಗ ಕಥೆ ಹೇಳಿ. ಅಲ್ಲಿಗೆ ಮಾತು ನಿಂತುಹೋಗುತ್ತೆ. ಯಾಕಂದ್ರೆ ಅವರ ಹತ್ತಿರ ಇರೋದು ಬರೀ ಉತ್ತರ. ಆ ಉತ್ತರ ಬರುವ ತನಕ ಪ್ರೇಕ್ಷಕ ಸುಮಾರು ನೂರಾ ಹತ್ತು ನಿಮಿಷ ಏನು ನೋಡಿಕೊಂಡು ಕೂತಿರಬೇಕು ಅನ್ನೋದನ್ನು ಅವರು ಯೋಚನೆಯೇ ಮಾಡಿರೋದಿಲ್ಲ.

ಇನ್ನು ಕೆಲವರು ಕೊಲೆಯ ವಿಧಾನ ಹಿಡಿದುಕೊಂಡು ಬರುತ್ತಾರೆ. ಯಾರಿಗೂ ಗೊತ್ತಿಲ್ಲದ ವಿಷ, ಕರಗಿಹೋಗುವ ಆಯುಧ, ಲ್ಯಾಬಿಗೂ ಸಿಗದ ಔಷಧಿ. ಇದೂ ಹಳೇ ಚಾಳಿಯೇ. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು. ಅದರಲ್ಲೇ ಇದೆ, ಇನ್ನೂ ಯಾರೂ ಕಂಡುಹಿಡಿಯದ ವಿಷ ಬಳಸಬೇಡಿ, ಕೊನೆಯಲ್ಲಿ ಉದ್ದುದ್ದ ವಿಜ್ಞಾನ ವಿವರಿಸಬೇಕಾದ ಉಪಕರಣವನ್ನೂ ತರಬೇಡಿ ಅಂತ. ಅಂದ್ರೆ ಆಗಲೇ ಓದುಗರಿಗೆ ಇದು ಸಾಕಾಗಿತ್ತು ಅಂತಾಯ್ತಲ್ವಾ?

ಹಾಗಾದ್ರೆ ಹೊಸತನ ಎಲ್ಲಿ ಸಿಗುತ್ತೆ? ನನಗೆ ಇದನ್ನು ಕಲಿಸಿದ್ದು ಒಂದು ನಿಜವಾದ ಕೇಸು. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರೀಸ್ ಡಿಎನ್ಎ ಗುರುತು ಹಚ್ಚುವ ವಿಧಾನ ಕಂಡುಹಿಡಿದರು. ಅದೇ ಸೀಮೆಯಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು, ಒಂದು 1983ರಲ್ಲಿ, ಇನ್ನೊಂದು 1986ರಲ್ಲಿ. ಒಬ್ಬ ಹುಡುಗ ಎರಡನೇ ಕೊಲೆ ನಾನೇ ಮಾಡಿದ್ದು ಅಂತ ಒಪ್ಪಿಕೊಂಡೂ ಬಿಟ್ಟಿದ್ದ. ಡಿಎನ್ಎ ಪರೀಕ್ಷೆ ಮೊದಲು ಮಾಡಿದ ಕೆಲಸ ಅವನನ್ನು ಬಿಡಿಸಿದ್ದು. ಎರಡೂ ಕೊಲೆ ಒಬ್ಬನದೇ, ಆದ್ರೆ ಇವನದಲ್ಲ ಅಂತ ಗೊತ್ತಾಯ್ತು. ಆಮೇಲೆ ಪೊಲೀಸರು ಆ ಭಾಗದ ಸಾವಿರಾರು ಗಂಡಸರ ರಕ್ತ ತೆಗೆಸಿದರು. ಯಾರದ್ದೂ ಹೊಂದಲಿಲ್ಲ! ಯಾಕಂದ್ರೆ ನಿಜವಾದ ಕೊಲೆಗಾರ ತನ್ನ ಜೊತೆ ಕೆಲಸ ಮಾಡುವವನೊಬ್ಬನನ್ನು ಪುಸಲಾಯಿಸಿ, ತನ್ನ ಹೆಸರಿನಲ್ಲಿ ರಕ್ತ ಕೊಡಿಸಿದ್ದ. ರಕ್ತ ಕೊಟ್ಟವನು ಪಬ್‌ನಲ್ಲಿ ಕೂತು ಬಾಯಿಬಿಟ್ಟ. ಕೇಳಿಸಿಕೊಂಡ ಒಬ್ಬ ಹೆಂಗಸು ಪೊಲೀಸರಿಗೆ ಹೇಳಿದರು. 1988ರಲ್ಲಿ ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತು.

ಈ ಕೇಸು ಕೇಳಿದ ಬಹಳ ಜನ ಡಿಎನ್ಎ ಹಿಂದೆ ಓಡುತ್ತಾರೆ. ನನ್ನ ಕಣ್ಣು ಹೋಗೋದು ಆ ರಕ್ತ ಕೊಟ್ಟವನ ಕಡೆಗೆ. ಸ್ನೇಹಿತ ಕೇಳಿದ ಅಂತ ತೋಳು ಚಾಚಿದ ಮನುಷ್ಯ. ಆ ಸೂಜಿ ಚುಚ್ಚುವಾಗ ಅವನ ತಲೆಯಲ್ಲಿ ಏನು ಓಡ್ತಿತ್ತು? ಸಂಜೆ ಮನೆಗೆ ಹೋಗಿ ಹೇಗೆ ಊಟ ಮಾಡಿದ? ಡಿಎನ್ಎ ಆವತ್ತಿಗೆ ಹೊಸದು, ಇವತ್ತಿಗೆ ಹಳೆಯದು. ಆ ಮನುಷ್ಯ ಮಾತ್ರ ಹಳೆಯವನಾಗಿಲ್ಲ. ಅಪರಾಧದ ಪಕ್ಕದಲ್ಲಿ, ಬೇಡವೆಂದರೂ ನಿಂತುಬಿಟ್ಟ ಒಬ್ಬ ವ್ಯಕ್ತಿ ನಿಮಗೆ ಸಿಕ್ಕರೆ ಅರ್ಧ ಐಡಿಯಾ ಸಿಕ್ಕ ಹಾಗೆ.

ಉದಾಹರಣೆಗೆ ನನ್ನದೇ ಒಂದು ಐಡಿಯಾ ಹೇಳ್ತೀನಿ. ಇದನ್ನು ತುಂಬಾ ದಿನ ಗೋಳು ಹುಯ್ಕೊಂಡಿದ್ದೀನಿ, ಆದ್ದರಿಂದ ಇದರ ಮೂಳೆ ಮೂಳೆಯೂ ಗೊತ್ತು. ಸನ್ನೆ ಭಾಷೆಯ ದುಭಾಷಿ ಒಬ್ಬಳಿದ್ದಾಳೆ. ಪೊಲೀಸರು ಕರೆದಾಗ ಹೋಗಿ, ಕಿವಿ ಕೇಳದವರ ಹೇಳಿಕೆಯನ್ನು ಮಾತಿಗೆ ತಿರುಗಿಸಿ ಹೇಳೋದು ಅವಳ ಕೆಲಸ. ಒಂದು ರಾತ್ರಿ ಒಬ್ಬ ಸಾಕ್ಷಿ. ಎದುರು ಕಟ್ಟಡದ ತಾರಸಿಯ ಮೇಲೆ ಇಬ್ಬರು ನಿಂತಿದ್ದನ್ನು, ಒಬ್ಬ ಕೆಳಗೆ ಬಿದ್ದಿದ್ದನ್ನು ನೋಡಿದವನು. ಅವನ ಬಲಗೈಗೆ ಪ್ಲಾಸ್ಟರ್ ಹಾಕಿದೆ. ಎರಡು ಕೈಯಲ್ಲಿ ಹೇಳಬೇಕಾದ್ದನ್ನು ಒಂದೇ ಕೈಯಲ್ಲಿ ಹೇಳ್ತಿದ್ದಾನೆ. ಅವನ ಎಡಗೈ ಮುಂದಕ್ಕೆ ಹೋಗುತ್ತೆ, ಬೆರಳು ಅರ್ಧ ಮಡಚಿದೆ. ತಳ್ಳಿದ ಅಂತಲಾ? ಹಿಡಿದುಕೊಳ್ಳೋಕೆ ಹೋದ ಅಂತಲಾ? ಅವಳು ಒಂದು ಸಲ ಕೇಳುತ್ತಾಳೆ, ಇನ್ನೊಂದು ಸಲ ಕೇಳುತ್ತಾಳೆ. ಮೂರನೇ ಸಲ ಕೇಳೋಕೆ ಸಂಕೋಚ. ಅಧಿಕಾರಿ ಗಡಿಯಾರ ನೋಡ್ತಿದ್ದಾರೆ. "ತಳ್ಳಿದ" ಅಂದುಬಿಡುತ್ತಾಳೆ. ಬೆಳಗ್ಗೆ ಒಬ್ಬನನ್ನು ಬಂಧಿಸುತ್ತಾರೆ.

ಇಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಈ ವೃತ್ತಿಯಲ್ಲಿ ದುಭಾಷಿ "ಅವನು ನೋಡಿದನಂತೆ" ಅಂತ ಹೇಳೋದಿಲ್ಲ. ಸಾಕ್ಷಿಯ ಬದಲಿಗೆ "ನಾನು ನೋಡಿದೆ" ಅಂತಲೇ ಹೇಳಬೇಕು. ಅಂದ್ರೆ ರೆಕಾರ್ಡಿಂಗ್‌ನಲ್ಲಿ ಏನಿದೆ? ಏನನ್ನೂ ನೋಡದ ಹೆಂಗಸಿನ ದನಿಯಲ್ಲಿ, "ಅವನು ತಳ್ಳಿದ್ದನ್ನು ನಾನೇ ನೋಡಿದೆ." ಇಂಥ ವಿವರ ಕುರ್ಚಿಯಲ್ಲಿ ಕೂತು ಮೇಲ್ಛಾವಣಿ ನೋಡಿದರೆ ಬರೋದಿಲ್ಲ. ಆ ಕೆಲಸ ಹೇಗೆ ನಡೆಯುತ್ತೆ ಅಂತ ಓದಿದಾಗ, ಮಾಡುವವರನ್ನು ಕೇಳಿದಾಗ ಸಿಗುತ್ತೆ. ಹೊಸ ಐಡಿಯಾ ಬೇಕಾ? ಯಾವುದಾದರೂ ಒಂದು ಕೆಲಸದ ನಿಯಮಗಳನ್ನು ಕೂತು ಓದಿ. ಯಾವ ನಿಯಮ ಪಾಲಿಸಿದರೆ ಒಳ್ಳೆಯವನೇ ಸಿಕ್ಕಿಬೀಳುತ್ತಾನೆ ಅಂತ ಹುಡುಕಿ.

ಸರಿ, ಐಡಿಯಾ ಬಂತು. ಈಗ ಅದನ್ನು ಪರೀಕ್ಷೆ ಮಾಡಬೇಕು. ಇಲ್ಲೇ ಎಲ್ಲರೂ ಜಾರುತ್ತಾರೆ, ಯಾಕಂದ್ರೆ ಸ್ನೇಹಿತರಿಗೆ ಹೇಳಿ "ಹೇಗಿದೆ?" ಅಂತ ಕೇಳುತ್ತಾರೆ. ಸ್ನೇಹಿತರು ಇನ್ನೇನಂತಾರೆ, "ಸೂಪರ್ ಮಗಾ" ಅಂತಾರೆ. ಆ ಪ್ರಶ್ನೆಯನ್ನೇ ಕೇಳಬೇಡಿ. ಎರಡು ನಿಮಿಷದಲ್ಲಿ, ಟ್ವಿಸ್ಟ್ ಇಲ್ಲದೆ, ಬಾಯಲ್ಲಿ ಹೇಳಿ. ಹೇಳುವಾಗ ಅವರ ಕೈ ನೋಡಿ. ಫೋನಿನ ಕಡೆ ಕೈ ಹೋದ ಜಾಗ ಎಲ್ಲಿ ಅಂತ ಗುರುತಿಟ್ಟುಕೊಳ್ಳಿ. ಎರಡು ದಿನ ಬಿಟ್ಟು, ನನಗೇ ಆ ಕಥೆ ಹೇಳು ಅನ್ನಿ. ಅವರು ಮರೆತದ್ದು ಕಥೆಗೆ ಬೇಡದ್ದು ಅಂತ ನಾನಂತೂ ನಂಬಿದ್ದೀನಿ. ತಪ್ಪಾಗಿ ಹೇಳಿದ್ದಿದೆಯಲ್ಲ, ಅದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಅವರ ತಪ್ಪೇ ನಮ್ಮ ಸರಿಗಿಂತ ಚೆನ್ನಾಗಿರುತ್ತೆ. (ಐಡಿಯಾ ಕದ್ದುಬಿಡ್ತಾರೆ ಅನ್ನೋ ಭಯವಾ? ಬರೀ ಐಡಿಯಾಗೆ ಕಾಪಿರೈಟ್ ಇರೋದಿಲ್ಲ, ಬರೆದದ್ದಕ್ಕೆ ಮಾತ್ರ. ಬೇಗ ಬರೆಯಿರಿ, ಅಷ್ಟೇ.)

ಆಮೇಲಿನದು ಎಲ್ಲಕ್ಕಿಂತ ಕ್ರೂರವಾದ ಪ್ರಶ್ನೆ. ನನ್ನ ದುಭಾಷಿ ಯಾಕೆ ನಿಜ ಹೇಳಿ ಮನೆಗೆ ಹೋಗಿ ಮಲಗಬಾರದು? ಥ್ರಿಲ್ಲರ್‌ಗಳು ಸಾಯೋದು ಬಹುಪಾಲು ಇಲ್ಲೇ. ನನ್ನ ಮೊದಲ ಉತ್ತರ, ಕೆಲಸ ಹೋಗುತ್ತೆ ಅನ್ನೋ ಭಯ. ಕಥೆ ಕೇಳ್ತಿದ್ದ ಒಬ್ಬರು ತಣ್ಣಗೆ ಹೇಳಿದರು, "ಹೋಗಲಿ ಬಿಡಿ, ಬೇರೆ ಕೆಲಸ ಹುಡುಕ್ಕೊಳ್ಳಲಿ." ಹೌದಲ್ವಾ! ಎರಡನೇ ಉತ್ತರದಲ್ಲಿ ಅವಳ ತಮ್ಮನೇ ಕೊಲೆಗಾರ ಅಂತ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ. ಐಡಿಯಾ ದುರ್ಬಲವಾದಾಗ ನಾವೆಲ್ಲ ಸಂಬಂಧಿಕರನ್ನು ತಂದು ತುಂಬುತ್ತೀವಿ. ಮೂರನೆಯದು ಸಿಗೋಕೆ ತಿಂಗಳುಗಳೇ ಹಿಡಿದವು. ಈ ಒಂದು ಮಾತು ತಪ್ಪು ಅಂತ ಅವಳು ಒಪ್ಪಿಕೊಂಡರೆ, ಅವಳು ಹಿಂದೆ ದುಭಾಷಿಯಾಗಿದ್ದ ಕೇಸುಗಳೆಲ್ಲ ಮತ್ತೆ ತೆರೆಯುತ್ತವೆ. ಅದರಲ್ಲಿ ಒಂದು ಕೇಸಿನ ಅಪರಾಧಿ ಜೈಲಿನಿಂದ ಹೊರಗೆ ಬಂದರೆ ಅವನು ಮೊದಲು ಹುಡುಕಿಕೊಂಡು ಹೋಗುವ ಮನೆ ಯಾವುದು ಅಂತ ಅವಳಿಗೆ ಗೊತ್ತು. ಬಾಯಿ ಬಿಟ್ಟರೆ ಒಬ್ಬರು ಸಾಯುತ್ತಾರೆ, ಮುಚ್ಚಿಕೊಂಡರೆ ಒಬ್ಬ ನಿರಪರಾಧಿ ಜೈಲಿನಲ್ಲಿ. ಈಗ ಮನೆಗೆ ಹೋಗಿ ಮಲಗು ನೋಡೋಣ.

ತೂತು ಹುಡುಕುವವರನ್ನು ಪ್ರೀತಿಯಿಂದ ಕರೆದು ಕೂರಿಸಿಕೊಳ್ಳಿ. "ಸಾಕ್ಷಿ ಬರೆದು ತೋರಿಸಬಹುದಲ್ವಾ?" ಅಂತ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಆದ್ರೆ ಸನ್ನೆಯೇ ಮೊದಲ ಭಾಷೆಯಾದವರಿಗೆ ಬರಹ ಅನ್ನೋದು ಬೇರೆಯೇ ಭಾಷೆ, ಅದರ ವ್ಯಾಕರಣವೇ ಬೇರೆ. ನನ್ನ ಸಾಕ್ಷಿ ಶಾಲೆಗೆ ಹೋದವನೂ ಅಲ್ಲ. "ವಿಚಾರಣೆಯ ವಿಡಿಯೋ ಇರುತ್ತಲ್ಲ?" ಅಂದರು ಇನ್ನೊಬ್ಬರು. ಮೊದಲು ನಾನು ಕ್ಯಾಮೆರಾ ಕೆಟ್ಟಿತ್ತು ಅಂತ ಬರೆದಿದ್ದೆ. ಸೋಮಾರಿ ಲೇಖಕನ ಕ್ಯಾಮೆರಾ ಯಾವಾಗಲೂ ಬೇಕಾದಾಗಲೇ ಕೆಡುತ್ತೆ. ಆಮೇಲೆ ಹೊಳೆಯಿತು, ವಿಡಿಯೋ ಇರಲಿ! ಎಲ್ಲರೂ ನೋಡಲಿ. ಆ ಠಾಣೆಯಲ್ಲಿ ಸನ್ನೆ ಓದೋಕೆ ಬರುವವರು ಅವಳೊಬ್ಬಳೇ. ಸತ್ಯ ಎಲ್ಲರ ಕಣ್ಣೆದುರಿಗೇ ಇದೆ, ಆರೋಪಿಯ ಪರ ವಕೀಲರು ಇನ್ನೊಬ್ಬ ದುಭಾಷಿಯನ್ನು ಕರೆಸುವ ದಿನದವರೆಗೆ. ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳ್ತಿದ್ದ ಮಾತು ಇದೇ. ಮೇಜಿನ ಕೆಳಗಿನ ಬಾಂಬು ದಿಢೀರ್ ಅಂತ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡಿನ ಬೆಚ್ಚಿಬೀಳುವಿಕೆ, ಬಾಂಬಿದೆ ಅಂತ ಅವನಿಗೆ ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ. ನಾನು ಮುಚ್ಚೋಕೆ ಹೊರಟಿದ್ದ ತೂತೇ ನನ್ನ ಬಾಂಬು.

ಅದಕ್ಕೇ ಒಂದು ಕಸರತ್ತು ಮಾಡಿ. ಅದೇ ಘಟನೆಯನ್ನು ಬೇರೆ ಬೇರೆ ಕುರ್ಚಿಯಲ್ಲಿ ಕೂತು ಹೇಳಿ ನೋಡಿ. ತನಿಖಾಧಿಕಾರಿ, ಆರೋಪಿ, ಆರೋಪಿಯ ಹೆಂಡತಿ, ಸಾಕ್ಷಿ. ಕೊಲೆಯನ್ನು ಮೊದಲೇ ತೋರಿಸಿ, ಪತ್ತೆಯಾಗೋದು ಹೇಗೆ ಅಂತ ಓದಿಸಿಕೊಂಡು ಹೋಗುವ ಕಥೆಗಳನ್ನು ಆರ್. ಆಸ್ಟಿನ್ ಫ್ರೀಮನ್ 1912ರಲ್ಲೇ ಪುಸ್ತಕವಾಗಿ ತಂದಿದ್ದರು. ಯಾರು ಅನ್ನೋದನ್ನು ಮುಚ್ಚಿಡಲೇಬೇಕು ಅನ್ನೋ ಹಟ ಬಿಟ್ಟರೆ ಎಷ್ಟೋ ಸತ್ತ ಐಡಿಯಾಗಳು ಎದ್ದು ಕೂರುತ್ತವೆ.

ಅಪರಾಧಿಯ ಕ್ಯಾಲೆಂಡರ್ ಬರೆಯದೆ ಚಿತ್ರಕಥೆಗೆ ಕೈ ಹಾಕಬೇಡಿ. ಕೊಲೆಗೆ ಒಂದು ವಾರ ಮುಂಚಿನಿಂದ, ಆ ದಿನ ಗಂಟೆ ಗಂಟೆಗೂ, ಆಮೇಲಿನ ಒಂದು ತಿಂಗಳು. ತೆರೆಯ ಮೇಲೆ ಬರೋದು ಅದರಲ್ಲಿ ಕಾಲು ಭಾಗವೂ ಇರೋದಿಲ್ಲ. ಆದ್ರೆ ಪಾತ್ರ ಎರಡು ಕಡೆ ಒಟ್ಟಿಗೆ ಇರಬೇಕಾದ ಎಡವಟ್ಟು ಅಲ್ಲೇ ಸಿಕ್ಕಿಬೀಳುತ್ತೆ.

ತಜ್ಞರನ್ನು ಕೇಳುವಾಗ "ಇದು ಸಾಧ್ಯವಾ?" ಅಂತ ಕೇಳಬೇಡಿ, ಸಾಧ್ಯ ಅಂದುಬಿಡುತ್ತಾರೆ. "ನೀವಾಗಿದ್ರೆ ಮೊದಲು ಏನು ನೋಡ್ತಿದ್ರಿ?" ಅಂತ ಕೇಳಿ. ಒಂದು ಸ್ಕ್ರಿಪ್ಟಿನಲ್ಲಿ ನನ್ನ ಕೊಲೆಗಾರ ಬಹಳ ಬುದ್ಧಿವಂತ ಅಂತ, ಹೊರಡುವ ಮುಂಚೆ ಫೋನ್ ಸ್ವಿಚ್ ಆಫ್ ಮಾಡಿಸಿದ್ದೆ. ಓದಿದ ಪೊಲೀಸ್ ಅಧಿಕಾರಿಯೊಬ್ಬರು ನಕ್ಕುಬಿಟ್ಟರು. "ಯಾವತ್ತೂ ಆಫ್ ಮಾಡದ ಫೋನು ಆ ಎರಡು ಗಂಟೆ ಮಾತ್ರ ಆಫ್ ಆಗಿದ್ರೆ ನಮಗೆ ಅದೇ ಮೊದಲ ಸುಳಿವು ಕಣ್ರೀ." ಬುದ್ಧಿವಂತನಾಗಿದ್ರೆ ಫೋನನ್ನು ಮನೆಯಲ್ಲಿ ಹಾಡು ಹಾಕಿಟ್ಟು ಹೋಗ್ತಿದ್ದ ಅಂದರು. ಹಾಗೇ ಸಾವಿನ ಸಮಯ. ಸಿನಿಮಾದ ಡಾಕ್ಟರ್ ಹೆಣ ನೋಡಿದ ಕೂಡಲೇ "ರಾತ್ರಿ 10.20" ಅಂತಾರೆ. ನಿಜದಲ್ಲಿ ಹೆಣ ಸೆಟೆದುಕೊಳ್ಳೋಕೆ ಶುರುವಾಗೋದು ಸಾಮಾನ್ಯವಾಗಿ 2ರಿಂದ 4 ಗಂಟೆಯಲ್ಲಿ, ಪೂರ್ತಿ ಸೆಟೆಯೋದು ಸುಮಾರು 12 ಗಂಟೆಗೆ, ಅದೂ ಸೆಖೆ, ಚಳಿ, ಮೈಕಟ್ಟು ನೋಡಿಕೊಂಡು ಹಿಂದೆ ಮುಂದೆ ಆಗುತ್ತೆ. ಡಾಕ್ಟರ್ ಕೊಡೋದು ಒಂದು ಅಂದಾಜು. ಆ ಅಂದಾಜಿನ ಎರಡು ತುದಿಯ ನಡುವೆ ಮೂರು ಗಂಟೆ ಸಿಕ್ಕರೆ ನಿಮ್ಮ ಅಪರಾಧಿಗೆ ಓಡಾಡೋಕೆ ಜಾಗ ಸಿಕ್ಕಿತು. ನಿಖರವಾದ ಸಮಯ ಬರೆದು ಆ ಜಾಗವನ್ನು ನೀವೇ ಯಾಕೆ ಮುಚ್ಚಿಕೊಳ್ತೀರಿ?

ಕೊನೆಯದು ಉದ್ದದ ಪರೀಕ್ಷೆ. ಒಂದು ಪುಟಕ್ಕೆ ಒಂದು ನಿಮಿಷ ಅನ್ನೋದು ಚಿತ್ರಕಥೆಯ ಅಂದಾಜು ಲೆಕ್ಕ, ಅಂದ್ರೆ ಎರಡು ಗಂಟೆಗೆ ನೂರಿಪ್ಪತ್ತು ಪುಟ. ಶುರು ಎಲ್ಲರ ಹತ್ತಿರವೂ ಇರುತ್ತೆ, ಕೊನೆಯೂ ಇರುತ್ತೆ, ನಡುವಿನ ಅರವತ್ತು ಪುಟದಲ್ಲಿ ಗಾಳಿ ಬೀಸ್ತಿರುತ್ತೆ. ನನ್ನ ದುಭಾಷಿಯ ಕಥೆಯೂ ಹಾಗೇ ಇತ್ತು. ಅವಳು ಸುಳ್ಳನ್ನು ಹೊತ್ತುಕೊಂಡು ಓಡಾಡೋದು ಬಿಟ್ಟರೆ ನಡುವೆ ಏನೂ ನಡೀತಾ ಇರಲಿಲ್ಲ, ಹಾಗಾಗಿ ಸುಮ್ನೆ ಒಂದೆರಡು ಬೆನ್ನಟ್ಟುವ ಸೀನ್ ತುರುಕಿ ಸಮಾಧಾನ ಮಾಡಿಕೊಂಡಿದ್ದೆ. ಆಗ ಒಂದು ಸಂಜೆ, ಸಿನಿಮಾಗೂ ಬರವಣಿಗೆಗೂ ಸಂಬಂಧವೇ ಇಲ್ಲದ ಒಬ್ಬ ಹಿರಿಯರಿಗೆ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ಅಲ್ಲಪ್ಪಾ, ಆ ಸಾಕ್ಷಿಯ ಕೈ ಪ್ಲಾಸ್ಟರ್ ಬಿಚ್ಚೋದು ಯಾವಾಗ?" ಅಂದರು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಪ್ಲಾಸ್ಟರ್ ಅಂದ್ರೆ ಆರು ವಾರ. ಆರು ವಾರ ಆದಮೇಲೆ ಅವನು ಎರಡೂ ಕೈಯಲ್ಲಿ, ಯಾರ ದುಭಾಷಿತನವೂ ಬೇಡದಷ್ಟು ಸ್ಪಷ್ಟವಾಗಿ, ತಾರಸಿಯ ಮೇಲೆ ನಡೆದದ್ದನ್ನು ಇನ್ನೊಮ್ಮೆ ಹೇಳಬಲ್ಲ. ಆವತ್ತು ರಾತ್ರಿ ಬೆನ್ನಟ್ಟುವ ಸೀನುಗಳನ್ನೆಲ್ಲ ಹೊಡೆದುಹಾಕಿದೆ. ಮೊದಲ ಪುಟದ ಮೇಲೆ "ನಲವತ್ತೆರಡನೇ ದಿನ" ಅಂತ ಬರೆದು ಹಿಂದಕ್ಕೆ ಎಣಿಸುತ್ತಾ ಬಂದೆ.