ಕಂಬಿಯ ಮೇಲಿನ 45 ಮಿಲಿಮೀಟರ್

ಮಂಜೂರಾದ ನಕ್ಷೆಯನ್ನು ಮೇಜಿನ ಮೇಲೆ ಹರವಿ, "ಪ್ಲ್ಯಾನ್ ಪಾಸಾಗಿದೆಯಲ್ಲ ಸಾರ್, ಇನ್ನೇನು ಭಯ?" ಎಂದು ಕೇಳುವ ಮಾಲೀಕರು ಮಂಗಳೂರಿನಲ್ಲಿ ನನಗೆ ಆಗಾಗ ಸಿಗುತ್ತಾರೆ. ಆ ನಕ್ಷೆಯಲ್ಲಿ ಮುಖ್ಯವಾಗಿ ಇರುವುದು ಸುತ್ತ ಬಿಡಬೇಕಾದ ಜಾಗ, ಎತ್ತರ, ನೆಲವಿಸ್ತೀರ್ಣ ಮತ್ತು ವಾಹನ ನಿಲುಗಡೆಯ ಲೆಕ್ಕ. ಕಂಬದೊಳಗಿನ ಕಂಬಿಯ ವಿಚಾರ ಇರುವುದು ಭಾರತೀಯ ಮಾನಕ ಬ್ಯೂರೋದ ಸಂಹಿತೆಗಳಲ್ಲಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯ ಉಪವಿಧಿಗಳು ಅದನ್ನು ಒಪ್ಪಿಕೊಂಡಷ್ಟಕ್ಕೆ ಮಾತ್ರ ಅದಕ್ಕೆ ಕಾನೂನಿನ ಬಲ.

ಕಾಂಕ್ರೀಟಿನ ಸಂಹಿತೆಯಾದ ಐಎಸ್ 456 (2000ದ ಆವೃತ್ತಿ) ಕರಾವಳಿಯ ಗಾಳಿಗೆ ನೇರವಾಗಿ ಮೈಯೊಡ್ಡಿದ ಕಟ್ಟಡವನ್ನು 'ತೀವ್ರ' ವರ್ಗಕ್ಕೆ ಸೇರಿಸಿ, ಕನಿಷ್ಠ ಎಂ30 ದರ್ಜೆಯ (ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು) ಕಾಂಕ್ರೀಟನ್ನೂ ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆಯನ್ನೂ, ಅಂದರೆ ಕಂಬಿಗೂ ಹೊರಮೈಗೂ ನಡುವೆ ಅಷ್ಟು ದಪ್ಪದ ಕಾಂಕ್ರೀಟನ್ನೂ, ಕೇಳುತ್ತದೆ. ಸಮುದ್ರದ ನೀರಿನ ಸಿಂಚನ ತಾಗುವಲ್ಲಿ ಅದು ಎಂ35 ಮತ್ತು 50 ಮಿಲಿಮೀಟರ್. ಕಾಂಕ್ರೀಟಿನ ಕ್ಷಾರಗುಣ ಕಂಬಿಯ ಮೇಲೆ ತೆಳುವಾದ ರಕ್ಷಾಪೊರೆ ಕಟ್ಟುತ್ತದೆ. ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಮೆಲ್ಲಗೆ ಒಳಗಿಳಿದು ಆ ಪೊರೆಯನ್ನು ಒಡೆಯುತ್ತದೆ. ಅಲ್ಲಿಂದ ಮುಂದೆ ತುಕ್ಕು ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹೊದಿಕೆ ದಪ್ಪವಾದಷ್ಟೂ ಉಪ್ಪಿನ ದಾರಿ ಉದ್ದವಾಗುತ್ತದೆ.

ಕಡಲ ಬದಿಯ ಒಂದು ಮನೆಯಲ್ಲಿ, ಕಂಬಕ್ಕೆ ಶಟರ್ (ಕಾಂಕ್ರೀಟ್ ಸುರಿಯುವ ಅಚ್ಚಿನ ಹಲಗೆ) ಕಟ್ಟಿದ ಮೇಲೆ ನಾನು ಟೇಪು ಇಳಿಸಿ ನೋಡಿದೆ. ಒಂದು ಬದಿಯಲ್ಲಿ ಹೊದಿಕೆ 60, ಎದುರು ಬದಿಯಲ್ಲಿ ಬರೀ 18 ಮಿಲಿಮೀಟರ್. ಕಂಬಿಯನ್ನು ಹಲಗೆಯಿಂದ ದೂರ ಹಿಡಿಯುವ ಕವರ್ ಬ್ಲಾಕ್ ಇಡಬೇಕಾದಲ್ಲಿ ಜಲ್ಲಿಕಲ್ಲು ಸಿಕ್ಕಿಸಿದ್ದರು. ಅದು ಜಾರಿ, ಕಂಬಿಗಳನ್ನು ಸುತ್ತುವ ರಿಂಗು ಹಲಗೆಯತ್ತ ವಾಲಿತ್ತು. ಮೇಸ್ತ್ರಿ ಕೆಟ್ಟವರಲ್ಲ, ಕಂಬಿಯ ಲೆಕ್ಕದಲ್ಲಿ ಒಂದೂ ಕಡಿಮೆ ಮಾಡಿರಲಿಲ್ಲ. ಶಟರ್ ಬಿಚ್ಚಿಸಿ ಸರಿಪಡಿಸಲು ಅರ್ಧ ದಿನ ಹಿಡಿಯಿತು. ಮರುದಿನ ಹೋಗಿದ್ದರೆ ಕಾಂಕ್ರೀಟ್ ಬಿದ್ದು ಎಲ್ಲವೂ ಮುಚ್ಚಿಹೋಗುತ್ತಿತ್ತು.

ರೇರಾ ಎಂದು ಹೆಸರಾದ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14(3)ನೇ ಕಲಮಿನಂತೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ರಚನೆಯ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನದೊಳಗೆ ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ಒಳ್ಳೆಯ ನಿಯಮವೇ, ಆದರೆ ಉಪ್ಪಿನ ಕೆಲಸ ಆ ಗಡುವನ್ನು ಲೆಕ್ಕಿಸುವುದಿಲ್ಲ. ಕಂಬದ ಮೂಲೆಯಲ್ಲಿ ಉದ್ದುದ್ದ ಬಿರುಕು ಕಾಣಿಸಿಕೊಳ್ಳುವಷ್ಟರಲ್ಲಿ ಎಷ್ಟೋ ಸಲ ಆ ಅವಧಿ ಮುಗಿದಿರುತ್ತದೆ ಎಂಬುದು ನನ್ನ ಅನುಭವ. ಸ್ವಂತಕ್ಕೆ ಮನೆ ಕಟ್ಟಿಸಿಕೊಳ್ಳುವವರಿಗಂತೂ ಈ ಕಾಯ್ದೆಯ ಆಸರೆಯೇ ಇಲ್ಲ.

ಕ್ಯೂಬ್ ಪರೀಕ್ಷೆಯ ವರದಿಯನ್ನೇ ಪೂರ್ತಿ ನಂಬಿ ಕೂರುವುದೂ ಸರಿಯಲ್ಲ. ಅದೇ ಕಾಂಕ್ರೀಟಿನಿಂದ ಎರಕ ಹೊಯ್ದ 150 ಮಿಲಿಮೀಟರಿನ ಘನಾಕಾರದ ಗಟ್ಟಿಯನ್ನು 28ನೇ ದಿನ ಒತ್ತಿದರೆ ಕಾಂಕ್ರೀಟಿನ ಬಲ ತಿಳಿಯುತ್ತದೆ, ಕಂಬಿ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಹಾಗಾಗಿ ಕಾಂಕ್ರೀಟ್ ಹಾಕುವ ಹಿಂದಿನ ದಿನ ಪ್ರತಿ ಕಂಬದ ನಾಲ್ಕೂ ಬದಿಗೆ ಟೇಪು ಹಿಡಿದು ಫೋಟೊ ತೆಗೆಸಿ, ಅದಕ್ಕೆ ಎಂಜಿನಿಯರರ ಸಹಿ ಹಾಕಿಸಿ ಇಟ್ಟುಕೊಳ್ಳಿ ಎಂದು ಮಾಲೀಕರಿಗೆ ಹೇಳುತ್ತೇನೆ.